ಶಾಲೆಗಳಲ್ಲಿ ಲ್ಯಾಟಿನ್ ಬೋಧನೆ

ಶಾಲೆಗಳಲ್ಲಿ ಲ್ಯಾಟಿನ್ ಬೋಧನೆ ಎಂಬುದು ಪ್ರಾಚೀನ ರೋಮನ್ನರ ಭಾಷೆಯಾದ ಲ್ಯಾಟಿನ್ ಅನ್ನು ಅದರ ವ್ಯಾಕರಣ, ಸಾಹಿತ್ಯ ಮತ್ತು ಇತಿಹಾಸಗಳೊಡನೆ ಮಕ್ಕಳಿಗೆ ಕಲಿಸುವ ಶೈಕ್ಷಣಿಕ ಪರಂಪರೆಯಾಗಿದೆ. ಯುರೋಪಿನಲ್ಲಿ ಸುಮಾರು ಎರಡು ಸಾವಿರ ವರ್ಷಗಳಿಂದ ಈ ಬೋಧನೆ ನಡೆದುಬಂದಿದೆ. ಮಧ್ಯಯುಗದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಲ್ಯಾಟಿನ್ ಶಾಲಾ ಶಿಕ್ಷಣದ ಕೇಂದ್ರವಾಗಿತ್ತು; ಧರ್ಮ, ಕಾನೂನು, ವೈದ್ಯಕೀಯ ಮತ್ತು ಆಡಳಿತ ಕ್ಷೇತ್ರಗಳನ್ನು ಪ್ರವೇಶಿಸಲು ಅದರ ಜ್ಞಾನ ಅಗತ್ಯವಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಅದು ಬಹುತೇಕ ದೇಶಗಳಲ್ಲಿ ಐಚ್ಛಿಕ ವಿಷಯವಾಯಿತು. ಯಾರೂ ಮಾತೃಭಾಷೆಯಾಗಿ ಆಡದ ಭಾಷೆಯೊಂದನ್ನು ಮಕ್ಕಳಿಗೆ ಏಕೆ, ಹೇಗೆ ಮತ್ತು ಯಾವ ಮಕ್ಕಳಿಗೆ ಕಲಿಸಬೇಕು ಎಂಬ ಚರ್ಚೆ ಇಂದಿಗೂ ಮುಂದುವರಿದಿದೆ.

## ಶಾಸ್ತ್ರೀಯ ಶಿಕ್ಷಣದಲ್ಲಿ ಲ್ಯಾಟಿನ್‌ನ ಸ್ಥಾನ

ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನೂ ಅವುಗಳ ಗ್ರಂಥಗಳನ್ನೂ ಆಧಾರವಾಗಿಟ್ಟುಕೊಂಡ ಪಾಶ್ಚಾತ್ಯ ಶಿಕ್ಷಣಕ್ರಮವನ್ನು ಶಾಸ್ತ್ರೀಯ ಶಿಕ್ಷಣ ಎಂದು ಕರೆಯುತ್ತಾರೆ. ಮಧ್ಯಯುಗದ ಪಠ್ಯಕ್ರಮದಲ್ಲಿ ವ್ಯಾಕರಣ, ತರ್ಕ ಮತ್ತು ವಾಗ್ಮಿತೆ ಎಂಬ ಮೂರು ವಿದ್ಯೆಗಳ ಗುಂಪಿಗೆ 'ಟ್ರಿವಿಯಂ' ಎಂಬ ಹೆಸರಿತ್ತು. ಇಲ್ಲಿ 'ವ್ಯಾಕರಣ' ಎಂದರೆ ಲ್ಯಾಟಿನ್ ವ್ಯಾಕರಣ ಎಂದೇ ಅರ್ಥ. ಇಂಗ್ಲೆಂಡಿನ 'ಗ್ರಾಮರ್ ಶಾಲೆ' ಎಂಬ ಹೆಸರು ಬಂದದ್ದೂ ಇದರಿಂದಲೇ. ಆ ಶಾಲೆಗಳಲ್ಲಿ ಕಲಿಸುತ್ತಿದ್ದುದು ಇಂಗ್ಲಿಷ್ ವ್ಯಾಕರಣವಲ್ಲ, ಲ್ಯಾಟಿನ್ ವ್ಯಾಕರಣ.

## ಭಾಷೆಯ ಸ್ವರೂಪ ಮತ್ತು ಕಲಿಕೆಯ ಕಷ್ಟ

ಲ್ಯಾಟಿನ್ ಇಂಡೋ-ಯುರೋಪಿಯನ್ ಭಾಷಾಕುಟುಂಬಕ್ಕೆ ಸೇರಿದ್ದು, ಸಂಸ್ಕೃತಕ್ಕೆ ದೂರದ ಬಂಧುವಾಗಿದೆ. ಲ್ಯಾಟಿನ್‌ನ ಪತೆರ್, ಮಾತೆರ್, ಸೆಪ್ತೆಂ, ಇಗ್ನಿಸ್ ಎಂಬ ಪದಗಳು ಕ್ರಮವಾಗಿ ಸಂಸ್ಕೃತದ ಪಿತೃ, ಮಾತೃ, ಸಪ್ತ, ಅಗ್ನಿ ಎಂಬವುಗಳಿಗೆ ಸಂವಾದಿಯಾಗಿವೆ.

ನಾಮಪದಗಳಿಗೆ ಮೂರು ಲಿಂಗ, ಎರಡು ವಚನ ಮತ್ತು ಆರು ಪ್ರಮುಖ ವಿಭಕ್ತಿಗಳಿವೆ. ನಾಮಪದಗಳನ್ನು ಐದು ವರ್ಗಗಳಾಗಿಯೂ ಕ್ರಿಯಾಪದಗಳನ್ನು ನಾಲ್ಕು ವರ್ಗಗಳಾಗಿಯೂ ವಿಂಗಡಿಸುವುದು ರೂಢಿ. 'ಹುಡುಗಿ' ಎಂಬ ಅರ್ಥದ 'ಪುಎಲ್ಲ' ಶಬ್ದದ ಏಕವಚನ ರೂಪಗಳು ಹೀಗಿವೆ:

- ಪ್ರಥಮಾ: ಪುಎಲ್ಲ (ಹುಡುಗಿಯು)
- ಸಂಬೋಧನೆ: ಪುಎಲ್ಲ (ಹುಡುಗಿಯೇ)
- ದ್ವಿತೀಯಾ: ಪುಎಲ್ಲಮ್ (ಹುಡುಗಿಯನ್ನು)
- ಷಷ್ಠೀ: ಪುಎಲ್ಲೈ (ಹುಡುಗಿಯ)
- ಚತುರ್ಥೀ: ಪುಎಲ್ಲೈ (ಹುಡುಗಿಗೆ)
- ಆರನೆಯ ವಿಭಕ್ತಿ: ಪುಎಲ್ಲಾ (ಹುಡುಗಿಯಿಂದ)

ಆರನೆಯ ವಿಭಕ್ತಿಯಲ್ಲಿ ಸಂಸ್ಕೃತದ ತೃತೀಯಾ, ಪಂಚಮೀ ಮತ್ತು ಸಪ್ತಮೀ ವಿಭಕ್ತಿಗಳ ಕಾರ್ಯಗಳು ಒಂದುಗೂಡಿವೆ.

ಪದದ ಕೊನೆಯ ಪ್ರತ್ಯಯವೇ ಅರ್ಥವನ್ನು ನಿರ್ಧರಿಸುವುದರಿಂದ ಪದಕ್ರಮಕ್ಕೆ ಸಾಕಷ್ಟು ಸ್ವಾತಂತ್ರ್ಯವಿದೆ. 'ಪುಎಲ್ಲ ಅಗ್ರಿಕೊಲಮ್ ವಿದೆತ್' ಮತ್ತು 'ಅಗ್ರಿಕೊಲಮ್ ಪುಎಲ್ಲ ವಿದೆತ್' ಎಂಬ ಎರಡು ವಾಕ್ಯಗಳಿಗೂ 'ಹುಡುಗಿ ರೈತನನ್ನು ನೋಡುತ್ತಾಳೆ' ಎಂದೇ ಅರ್ಥ. ಆದರೆ 'ಪುಎಲ್ಲಮ್ ಅಗ್ರಿಕೊಲ ವಿದೆತ್' ಎಂದರೆ ನೋಡುವವನು ರೈತನಾಗುತ್ತಾನೆ. ಕನ್ನಡದಲ್ಲಿಯೂ 'ರೈತನನ್ನು ಹುಡುಗಿ ನೋಡುತ್ತಾಳೆ' ಎಂದರೆ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಪದಗಳ ಸ್ಥಾನವೇ ಕರ್ತೃ ಮತ್ತು ಕರ್ಮಗಳನ್ನು ಸೂಚಿಸುತ್ತದೆ. ಆದುದರಿಂದ ಇಂಗ್ಲಿಷ್ ಮಾತೃಭಾಷೆಯ ಮಕ್ಕಳಿಗೆ ವಿಭಕ್ತಿಯ ಕಲ್ಪನೆಯೇ ಲ್ಯಾಟಿನ್‌ನ ಮೊದಲ ದೊಡ್ಡ ತೊಡಕಾಗುತ್ತದೆ. ವಿಭಕ್ತಿ ಪ್ರತ್ಯಯಗಳಿರುವ ಭಾಷೆಯನ್ನಾಡುವವರಿಗೆ ಈ ಕಲ್ಪನೆ ಹೊಸದಲ್ಲ. ಆದರೆ ಒಂದೇ ವಿಭಕ್ತಿಗೆ ನಾಮಪದದ ವರ್ಗಕ್ಕನುಗುಣವಾಗಿ ಬೇರೆ ಬೇರೆ ಪ್ರತ್ಯಯಗಳಿರುವುದು ಅವರಿಗೂ ಶ್ರಮದ ವಿಷಯವೇ.

## ಇತಿಹಾಸ

### ಪ್ರಾಚೀನ ರೋಮ್

ರೋಮ್‌ನಲ್ಲಿ ಮಕ್ಕಳು ಮೊದಲು ಓದು, ಬರಹ ಮತ್ತು ಲೆಕ್ಕವನ್ನು ಕಲಿಯುತ್ತಿದ್ದರು. ಅನಂತರ ಅನುಕೂಲಸ್ಥರ ಮಕ್ಕಳು 'ಗ್ರಮ್ಮಾಟಿಕುಸ್' ಎಂಬ ವ್ಯಾಕರಣ ಶಿಕ್ಷಕನ ಬಳಿ ಕಾವ್ಯಗಳನ್ನು ಓದಿ, ಕೊನೆಯ ಹಂತದಲ್ಲಿ ವಾಗ್ಮಿತೆಯ ಆಚಾರ್ಯನ ಬಳಿ ಭಾಷಣಕಲೆಯನ್ನು ಅಭ್ಯಸಿಸುತ್ತಿದ್ದರು. ಕವಿ ವರ್ಜಿಲ್‌ನ ಕೃತಿಗಳು ಬಹುಬೇಗ ಶಾಲಾಪಠ್ಯಗಳಾದವು.

ಕ್ರಿ.ಶ. ಒಂದನೆಯ ಶತಮಾನದ ಕೊನೆಯಲ್ಲಿ ಕ್ವಿಂಟಿಲಿಯನ್ ರಚಿಸಿದ ವಾಗ್ಮಿಯ ಶಿಕ್ಷಣವನ್ನು ಕುರಿತ ಹನ್ನೆರಡು ಸಂಪುಟಗಳ ಗ್ರಂಥವು ಮಕ್ಕಳ ಕಲಿಕೆಯ ಬಗ್ಗೆ ವಿಸ್ತಾರವಾಗಿ ಚರ್ಚಿಸುತ್ತದೆ. ಲ್ಯಾಟಿನ್ ಸುತ್ತಮುತ್ತಲಿನ ಬಳಕೆಯಿಂದ ತಾನಾಗಿಯೇ ಬರುವುದರಿಂದ ಮಗುವಿಗೆ ಮೊದಲು ಗ್ರೀಕ್ ಕಲಿಸಬೇಕೆಂಬುದು ಅವನ ಸಲಹೆಯಾಗಿತ್ತು. ಮಕ್ಕಳನ್ನು ಹೊಡೆಯುವುದನ್ನು ಅವನು ಸ್ಪಷ್ಟವಾಗಿ ವಿರೋಧಿಸಿದನು. ಹೊಡೆತವು ಆ ಕಾಲದ ಶಾಲೆಗಳ ಸಾಮಾನ್ಯ ಕ್ರಮವಾಗಿತ್ತು. ಕವಿ ಹೊರೇಸ್ ತನ್ನ ಗುರು ಆರ್ಬಿಲಿಯಸ್‌ನನ್ನು ನೆನೆಯುವುದು ಅವನ ಏಟುಗಳಿಗಾಗಿಯೇ.

### ಮಧ್ಯಯುಗ

ನಾಲ್ಕನೆಯ ಶತಮಾನದ ವೈಯಾಕರಣ ಏಲಿಯಸ್ ಡೊನಾಟಸ್ ಸಂತ ಜೆರೋಮ್‌ನ ಗುರು. ಅವನ ಕಿರು ವ್ಯಾಕರಣವು ಎಂಟು ಪದವರ್ಗಗಳನ್ನು ಪ್ರಶ್ನೋತ್ತರ ರೂಪದಲ್ಲಿ ವಿವರಿಸುತ್ತದೆ. ಅದು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಪ್ರಾರಂಭಿಕ ಪಠ್ಯವಾಗಿ ಬಳಕೆಯಲ್ಲಿದ್ದುದರಿಂದ ಅವನ ಹೆಸರೇ ಯುರೋಪಿನಲ್ಲಿ 'ಮೊದಲ ಪಾಠದ ಪುಸ್ತಕ' ಎಂಬ ಅರ್ಥವನ್ನು ಪಡೆಯಿತು. ಆರನೆಯ ಶತಮಾನದ ಆರಂಭದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪ್ರಿಸ್ಕಿಯನ್ ಬರೆದ 18 ಭಾಗಗಳ ವ್ಯಾಕರಣವು ಮುಂದಿನ ಹಂತದ ಪ್ರಮಾಣಗ್ರಂಥವಾಯಿತು.

ಲ್ಯಾಟಿನ್ ಯಾರ ಮನೆಮಾತೂ ಅಲ್ಲದ ಪ್ರದೇಶಗಳಿಗೆ ಕ್ರೈಸ್ತ ಧರ್ಮ ಹರಡಿದಾಗ ಅದನ್ನು ಪರಭಾಷೆಯಾಗಿ ಕಲಿಸುವ ಅಗತ್ಯ ಉಂಟಾಯಿತು. ಕ್ರಿ.ಶ. 1000ರ ಸುಮಾರಿಗೆ ಇಂಗ್ಲೆಂಡಿನ ಸನ್ಯಾಸಿ ಐನ್‌ಷಾಮ್‌ನ ಆಲ್ಫ್ರಿಕ್ ಲ್ಯಾಟಿನ್ ವ್ಯಾಕರಣವನ್ನು ಹಳೆಯ ಇಂಗ್ಲಿಷ್ ಭಾಷೆಯಲ್ಲಿ ವಿವರಿಸಿದನು. ಅವನ ಸಂಭಾಷಣೆಯ ಪಠ್ಯದಲ್ಲಿ ಮಕ್ಕಳು ಉಳುವವ, ಕುರುಬ, ಮೀನುಗಾರ ಮೊದಲಾದ ಪಾತ್ರಗಳನ್ನು ವಹಿಸಿ ತಮ್ಮ ಕೆಲಸವನ್ನು ಲ್ಯಾಟಿನ್‌ನಲ್ಲಿ ವಿವರಿಸುತ್ತಾರೆ. ಅದರಲ್ಲಿ ಗುರುವು ಕಲಿಯುವಾಗ ಏಟು ತಿನ್ನಲು ಸಿದ್ಧರೇ ಎಂದು ಕೇಳಿದರೆ, ಅಜ್ಞಾನಕ್ಕಿಂತ ಏಟೇ ಲೇಸು ಎಂಬ ಅರ್ಥದ ಉತ್ತರವನ್ನು ಶಿಷ್ಯರು ಕೊಡುತ್ತಾರೆ. 1199ರ ಸುಮಾರಿಗೆ ವಿಲ್‌ಡಿಯುವಿನ ಅಲೆಕ್ಸಾಂಡರ್ ಕಂಠಪಾಠಕ್ಕೆ ಅನುಕೂಲವಾಗುವಂತೆ ಇಡೀ ವ್ಯಾಕರಣವನ್ನು ಪದ್ಯರೂಪದಲ್ಲಿ ರಚಿಸಿದನು.

### ನವೋದಯ ಕಾಲ

ಹದಿನೈದನೆಯ ಶತಮಾನದ ಇಟಲಿಯಲ್ಲಿ ಮಾನವತಾವಾದಿ ವಿದ್ವಾಂಸರು ಮಧ್ಯಯುಗದ ಲ್ಯಾಟಿನ್ ಅನ್ನು ಬಿಟ್ಟು ಸಿಸೆರೋ ಮತ್ತು ವರ್ಜಿಲ್ ಕಾಲದ ಭಾಷೆಯನ್ನು ಆದರ್ಶವಾಗಿಸಿಕೊಂಡರು. ವಿಟ್ಟೊರಿನೊ ದ ಫೆಲ್ಟ್ರೆ 1423ರಲ್ಲಿ ಮಾಂಟುವಾದಲ್ಲಿ ಆರಂಭಿಸಿದ ಶಾಲೆಯಲ್ಲಿ ರಾಜಮನೆತನದ ಮಕ್ಕಳೊಡನೆ ಬಡ ಮಕ್ಕಳಿಗೂ ಅವಕಾಶವಿತ್ತು; ಓದಿನ ಜೊತೆಗೆ ಆಟ ಮತ್ತು ವ್ಯಾಯಾಮಗಳಿಗೂ ಅಲ್ಲಿ ಸ್ಥಾನವಿತ್ತು. ಎರಾಸ್ಮಸ್ ಶಾಲಾಮಕ್ಕಳಿಗಾಗಿ ಬರೆದ ಲ್ಯಾಟಿನ್ ಸಂಭಾಷಣೆಗಳು 1518ರಿಂದ ಮುದ್ರಣಗೊಂಡು ಯುರೋಪಿನಾದ್ಯಂತ ಪ್ರಚಾರ ಪಡೆದವು. ಜೆಸ್ಯೂಟ್ ಸಂಘವು 1599ರಲ್ಲಿ ಪ್ರಕಟಿಸಿದ ಶಿಕ್ಷಣ ನಿಯಮಾವಳಿಯು ಅದರ ಶಾಲೆಗಳಲ್ಲೆಲ್ಲ ಲ್ಯಾಟಿನ್ ಬೋಧನೆಗೆ ಏಕರೂಪದ ಕ್ರಮವನ್ನು ಒದಗಿಸಿತು.

ಮೊರಾವಿಯಾದ ಶಿಕ್ಷಣತಜ್ಞ ಕೊಮೆನಿಯಸ್, ಅರ್ಥ ತಿಳಿಯದ ನಿಯಮಗಳ ಕಂಠಪಾಠವನ್ನು ಟೀಕಿಸಿ, ಪದಕ್ಕೂ ವಸ್ತುವಿಗೂ ಸಂಬಂಧ ಕಲ್ಪಿಸಬೇಕೆಂದು ವಾದಿಸಿದನು. ನ್ಯೂರೆಂಬರ್ಗ್‌ನಲ್ಲಿ 1658ರಲ್ಲಿ ಪ್ರಕಟವಾದ ಅವನ 'ಓರ್ಬಿಸ್ ಪಿಕ್ಟುಸ್' ಸುಮಾರು 150 ಚಿತ್ರಪಾಠಗಳನ್ನು ಹೊಂದಿದೆ. ಚಿತ್ರದಲ್ಲಿರುವ ವಸ್ತುಗಳಿಗೆ ಅಂಕಿಗಳನ್ನು ಕೊಟ್ಟು, ಅವುಗಳ ಹೆಸರನ್ನು ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳಲ್ಲಿ ಅಕ್ಕಪಕ್ಕದಲ್ಲಿ ಮುದ್ರಿಸಲಾಗಿದೆ. ಇಂದಿನ ಸಚಿತ್ರ ಮಕ್ಕಳ ಪಠ್ಯಪುಸ್ತಕಗಳ ಮೂಲವನ್ನು ಇದರಲ್ಲಿ ಗುರುತಿಸಲಾಗುತ್ತದೆ.

### ಇಂಗ್ಲೆಂಡಿನ ಗ್ರಾಮರ್ ಶಾಲೆಗಳು

ಜಾನ್ ಕೊಲೆಟ್ 1509ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯನ್ನು ಸ್ಥಾಪಿಸಿದಾಗ ವಿಲಿಯಂ ಲಿಲಿ ಅದರ ಮೊದಲ ಮುಖ್ಯೋಪಾಧ್ಯಾಯನಾದನು. ಲಿಲಿಯ ಹೆಸರಿನಿಂದ ಪ್ರಸಿದ್ಧವಾದ ವ್ಯಾಕರಣಕ್ಕೆ ದೊರೆ ಎಂಟನೆಯ ಹೆನ್ರಿ ಅಧಿಕೃತ ಮನ್ನಣೆ ನೀಡಿದ್ದರಿಂದ, ಇಂಗ್ಲೆಂಡಿನ ಶಾಲೆಗಳಲ್ಲಿ ತಲೆಮಾರುಗಳವರೆಗೆ ಅದೇ ಬಳಕೆಯಲ್ಲಿ ಉಳಿಯಿತು. ಶೇಕ್ಸ್‌ಪಿಯರ್‌ನ 'ದಿ ಮೆರ್ರಿ ವೈವ್ಸ್ ಆಫ್ ವಿಂಡ್ಸರ್' ನಾಟಕದ ನಾಲ್ಕನೆಯ ಅಂಕದಲ್ಲಿ ವಿಲಿಯಂ ಎಂಬ ಬಾಲಕನಿಗೆ ನಡೆಯುವ ಲ್ಯಾಟಿನ್ ಪಾಠದ ಹಾಸ್ಯದೃಶ್ಯವು ಈ ವ್ಯಾಕರಣವನ್ನೇ ಆಧರಿಸಿದೆ.

ಹದಿನೆಂಟನೆಯ ಶತಮಾನದ ವೇಳೆಗೆ ವ್ಯಾಪಾರಿ ಪಟ್ಟಣಗಳ ಪೋಷಕರು ತಮ್ಮ ಮಕ್ಕಳಿಗೆ ಲೆಕ್ಕ ಮತ್ತು ಆಧುನಿಕ ಭಾಷೆಗಳನ್ನು ಕಲಿಸಬೇಕೆಂದು ಅಪೇಕ್ಷಿಸತೊಡಗಿದರು. ಲೀಡ್ಸ್ ಪಟ್ಟಣದ ಗ್ರಾಮರ್ ಶಾಲೆಯ ದತ್ತಿಯ ಹಣವನ್ನು ಇಂತಹ ವಿಷಯಗಳಿಗೆ ಬಳಸಬಹುದೇ ಎಂಬ ವ್ಯಾಜ್ಯವು 1805ರಲ್ಲಿ ಲಾರ್ಡ್ ಎಲ್ಡನ್‌ನ ಮುಂದೆ ಬಂದಿತು. ಗ್ರಾಮರ್ ಶಾಲೆ ಎಂದರೆ ಪ್ರಾಚೀನ ಭಾಷೆಗಳನ್ನು ವ್ಯಾಕರಣಬದ್ಧವಾಗಿ ಕಲಿಸುವ ಶಾಲೆ ಎಂಬ ಡಾ. ಜಾನ್ಸನ್‌ನ ನಿಘಂಟಿನ ಅರ್ಥವನ್ನು ಆಧಾರವಾಗಿಟ್ಟುಕೊಂಡು, ದಾನಿಯ ಉದ್ದೇಶವನ್ನು ಬದಲಿಸಿ ಶಾಲೆಯನ್ನು ವಾಣಿಜ್ಯ ಶಾಲೆಯನ್ನಾಗಿ ಪರಿವರ್ತಿಸಲಾಗದು ಎಂದು ಅವನು ತೀರ್ಪಿತ್ತನು. ಪಠ್ಯಕ್ರಮವನ್ನು ವಿಸ್ತರಿಸಲು ನ್ಯಾಯಾಲಯಗಳಿಗೆ ಹೆಚ್ಚಿನ ಅವಕಾಶ ನೀಡಿದ ಗ್ರಾಮರ್ ಶಾಲೆಗಳ ಕಾಯಿದೆ ಬಂದದ್ದು 1840ರಲ್ಲಿ.

### ಕಡ್ಡಾಯದಿಂದ ಐಚ್ಛಿಕಕ್ಕೆ

ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನ, ಆಧುನಿಕ ಭಾಷೆಗಳು ಮತ್ತು ಸಾರ್ವತ್ರಿಕ ಶಿಕ್ಷಣದ ವಿಸ್ತರಣೆಯಿಂದ ಲ್ಯಾಟಿನ್‌ನ ಸ್ಥಾನ ಕುಗ್ಗಿತು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಲ್ಯಾಟಿನ್ ಕಡ್ಡಾಯವೆಂಬ ನಿಯಮವನ್ನು 1960ರಲ್ಲಿ ಕೈಬಿಟ್ಟವು. ಬ್ರಿಟನ್ನಿನ ಅನೇಕ ಶಾಲೆಗಳು ಆ ಪ್ರವೇಶಕ್ಕಾಗಿಯೇ ಲ್ಯಾಟಿನ್ ಕಲಿಸುತ್ತಿದ್ದುದರಿಂದ, ವಿಷಯವು ತನ್ನ ಆಕರ್ಷಣೆಯಿಂದಲೇ ವಿದ್ಯಾರ್ಥಿಗಳನ್ನು ಸೆಳೆಯಬೇಕಾದ ಪರಿಸ್ಥಿತಿ ಉಂಟಾಯಿತು. ಇಟಲಿಯಲ್ಲಿ 1962ರ ಕಾನೂನು ಎಲ್ಲ ಮಕ್ಕಳಿಗೂ ಒಂದೇ ಬಗೆಯ ಮಾಧ್ಯಮಿಕ ಶಾಲೆಯನ್ನು ರೂಪಿಸಿದಾಗ ಲ್ಯಾಟಿನ್‌ನ ಪಾತ್ರ ಕಡಿಮೆಯಾಯಿತು. 1977ರಲ್ಲಿ ಅದು ಆ ಹಂತದ ಪಠ್ಯಕ್ರಮದಿಂದ ಹೊರಬಿದ್ದಿತು.

## ಬೋಧನಾ ವಿಧಾನಗಳು

### ವ್ಯಾಕರಣ-ಅನುವಾದ ವಿಧಾನ

ಈ ವಿಧಾನದಲ್ಲಿ ವಿದ್ಯಾರ್ಥಿಯು ಶಬ್ದರೂಪ ಮತ್ತು ಧಾತುರೂಪಗಳನ್ನು ಕಂಠಪಾಠ ಮಾಡಿ, ನಿಯಮಗಳನ್ನು ತಿಳಿದು, ಅನಂತರ ವಾಕ್ಯಗಳನ್ನು ಅನುವಾದಿಸುತ್ತಾನೆ. 'ರಾಮಃ ರಾಮೌ ರಾಮಾಃ' ಎಂದು ಶಬ್ದರೂಪಗಳನ್ನು ಹೇಳಿಸುವ ಸಂಸ್ಕೃತ ಪಾಠದ ಕ್ರಮವನ್ನು ಇದು ಹೋಲುತ್ತದೆ. ಬೆಂಜಮಿನ್ ಹಾಲ್ ಕೆನಡಿಯ 1888ರ ಪರಿಷ್ಕೃತ ಲ್ಯಾಟಿನ್ ಪ್ರೈಮರ್ ಬ್ರಿಟನ್ನಿನಲ್ಲಿ ಈ ವಿಧಾನದ ಪ್ರಮುಖ ಪುಸ್ತಕ. ಅದರ ರಚನೆಯಲ್ಲಿ ಅವನ ಪುತ್ರಿಯರಾದ ಮೇರಿಯನ್ ಮತ್ತು ಜೂಲಿಯಾ ಅವರ ಪಾಲು ದೊಡ್ಡದೆಂದು ಸಂಶೋಧಕರು ತೋರಿಸಿದ್ದಾರೆ. ಅಮೆರಿಕದಲ್ಲಿ 1956ರಲ್ಲಿ ಮೊದಲು ಪ್ರಕಟವಾದ ವೀಲಾಕ್‌ನ ಪಠ್ಯಪುಸ್ತಕವು ಇದೇ ಮಾರ್ಗದ್ದು. ನಿಖರತೆ ಈ ವಿಧಾನದ ಬಲ. ದೀರ್ಘಕಾಲ ಕಲಿತರೂ ಸರಾಗವಾಗಿ ಓದಲಾಗದಿರುವುದು ಅದರ ಮೇಲಿನ ಮುಖ್ಯ ಆಕ್ಷೇಪ.

### ಇಮ್ಮಡಿ ಅನುವಾದ

ಮೊದಲನೆಯ ಎಲಿಜಬೆತ್ ರಾಣಿಯ ಗುರುವಾಗಿದ್ದ ರೋಜರ್ ಆಸ್ಕಮ್, 1570ರಲ್ಲಿ ಪ್ರಕಟವಾದ 'ದಿ ಸ್ಕೂಲ್‌ಮಾಸ್ಟರ್' ಕೃತಿಯಲ್ಲಿ ಈ ವಿಧಾನವನ್ನು ವಿವರಿಸಿದ್ದಾನೆ. ವಿದ್ಯಾರ್ಥಿಯು ಲ್ಯಾಟಿನ್ ಭಾಗವೊಂದನ್ನು ಇಂಗ್ಲಿಷಿಗೆ ಅನುವಾದಿಸಿ, ಸ್ವಲ್ಪ ಹೊತ್ತು ಬಿಟ್ಟು ಆ ಇಂಗ್ಲಿಷ್ ಅನ್ನು ಮತ್ತೆ ಲ್ಯಾಟಿನ್‌ಗೆ ತರಬೇಕು. ಬಳಿಕ ಶಿಕ್ಷಕನು ಎರಡನ್ನೂ ಹೋಲಿಸಿ, ಮೂಲ ಲೇಖಕನು ಯಾವ ಪದವನ್ನು ಏಕೆ ಬಳಸಿದನೆಂಬುದನ್ನು ಗದರಿಸದೆ ತಿಳಿಸಬೇಕು.

### ನೇರ ವಿಧಾನ

ತರಗತಿಯಲ್ಲಿ ಲ್ಯಾಟಿನ್‌ನಲ್ಲಿಯೇ ಮಾತನಾಡಿ ಕಲಿಸುವುದು ನೇರ ವಿಧಾನ. ಕಲ್ಕತ್ತೆಯಲ್ಲಿ 1863ರಲ್ಲಿ ಜನಿಸಿದ ಡಬ್ಲ್ಯು. ಎಚ್. ಡಿ. ರೌಸ್ ಇದರ ಪ್ರಮುಖ ಪ್ರತಿಪಾದಕ. ಜಾತಕ ಕಥೆಗಳ ಇಂಗ್ಲಿಷ್ ಅನುವಾದದಲ್ಲಿಯೂ ಪಾಲ್ಗೊಂಡಿದ್ದ ಅವನು, 1902ರಿಂದ 1928ರವರೆಗೆ ಕೇಂಬ್ರಿಡ್ಜ್‌ನ ಪರ್ಸ್ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದಾಗ ಈ ಪ್ರಯೋಗವನ್ನು ನಡೆಸಿದನು. ಬಾಗಿಲು ತೆರೆಯುವುದು, ಕುಳಿತುಕೊಳ್ಳುವುದು ಮುಂತಾದ ಕ್ರಿಯೆಗಳನ್ನು ಮಾಡುತ್ತಲೇ ಅವುಗಳನ್ನು ಲ್ಯಾಟಿನ್‌ನಲ್ಲಿ ಹೇಳಿಸುವುದರಿಂದ ಇಂತಹ ಪಾಠಗಳು ಆರಂಭವಾಗುತ್ತವೆ. ಶಿಕ್ಷಕನಿಗೆ ಲ್ಯಾಟಿನ್ ಮಾತನಾಡುವ ಸಾಮರ್ಥ್ಯವಿರಬೇಕಾದುದರಿಂದ ಈ ವಿಧಾನ ವ್ಯಾಪಕವಾಗಿ ಹರಡಲಿಲ್ಲ.

### ಓದಿನ ವಿಧಾನ

ಈ ವಿಧಾನದಲ್ಲಿ ಮೊದಲ ದಿನದಿಂದಲೇ ಮುಂದುವರಿಯುವ ಕಥೆಯೊಂದನ್ನು ಓದಿಸಿ, ಅದರ ಮೂಲಕ ವ್ಯಾಕರಣವನ್ನು ಪರಿಚಯಿಸಲಾಗುತ್ತದೆ. ಡೆನ್ಮಾರ್ಕಿನ ಹಾನ್ಸ್ ಓರ್ಬರ್ಗ್‌ನ ಪಠ್ಯವು ಸಂಪೂರ್ಣವಾಗಿ ಲ್ಯಾಟಿನ್‌ನಲ್ಲಿಯೇ ಇದೆ. ಪಕ್ಕದ ಚಿತ್ರಗಳು ಮತ್ತು ಸಂದರ್ಭದಿಂದಲೇ ಹೊಸ ಪದಗಳ ಅರ್ಥ ತಿಳಿಯುವಂತೆ ಅದರ ಮೊದಲ ಭಾಗದ 35 ಅಧ್ಯಾಯಗಳನ್ನು ಹೆಣೆಯಲಾಗಿದೆ.

1970ರಿಂದ ಪ್ರಕಟವಾಗುತ್ತಿರುವ ಕೇಂಬ್ರಿಡ್ಜ್ ಲ್ಯಾಟಿನ್ ಕೋರ್ಸ್‌ನ ಕಥೆಯು ಪೊಂಪೆಯಿ ನಗರದಲ್ಲಿ ಆರಂಭವಾಗುತ್ತದೆ. ಅದರ ನಾಯಕ ಕೈಕಿಲಿಯುಸ್ ಆ ನಗರದಲ್ಲಿ ನಿಜವಾಗಿ ಬಾಳಿದ್ದ ಒಬ್ಬ ಲೇವಾದೇವಿಗಾರ. ಅವನ ಲೆಕ್ಕಪತ್ರದ ಮೇಣದ ಹಲಗೆಗಳು ಉತ್ಖನನದಲ್ಲಿ ದೊರೆತಿವೆ. ಗುಲಾಮರನ್ನೂ ಮಹಿಳೆಯರನ್ನೂ ಚಿತ್ರಿಸಿದ ಬಗೆಯನ್ನು ಕುರಿತ ಟೀಕೆಗಳ ಹಿನ್ನೆಲೆಯಲ್ಲಿ 2022ರಲ್ಲಿ ಆರಂಭವಾದ ಐದನೆಯ ಆವೃತ್ತಿಯಲ್ಲಿ ಕಥೆಯನ್ನು ಪರಿಷ್ಕರಿಸಲಾಗಿದೆ. ಪ್ರಾಥಮಿಕ ಶಾಲೆಗಳಿಗಾಗಿ ಬಾರ್ಬರಾ ಬೆಲ್ ರಚಿಸಿದ 'ಮಿನಿಮುಸ್' (1999) ಪುಸ್ತಕದಲ್ಲಿ ಬ್ರಿಟನ್ನಿನ ರೋಮನ್ ಕೋಟೆಯಾದ ವಿಂಡೊಲಾಂಡಾದಲ್ಲಿ ವಾಸಿಸುವ ಇಲಿಯೊಂದು ಮಕ್ಕಳಿಗೆ ಭಾಷೆಯನ್ನು ಪರಿಚಯಿಸುತ್ತದೆ.

## ಉಚ್ಚಾರಣೆ

ಶಾಲೆಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಉಚ್ಚಾರಣೆಗಳು ಬಳಕೆಯಲ್ಲಿದ್ದವು. ಪ್ರಾಚೀನ ಶಾಸನಗಳು ಮತ್ತು ವೈಯಾಕರಣರ ಹೇಳಿಕೆಗಳ ಆಧಾರದಿಂದ ಪುನಾರಚಿಸಿದ ಶಾಸ್ತ್ರೀಯ ಉಚ್ಚಾರಣೆಯಲ್ಲಿ ಪ್ರಸಿದ್ಧ ವಾಗ್ಮಿಯ ಹೆಸರು 'ಕಿಕೆರೋ' ಎಂದಾಗುತ್ತದೆ. ಇಟಾಲಿಯನ್ ಪ್ರಭಾವದ ಚರ್ಚಿನ ಉಚ್ಚಾರಣೆಯಲ್ಲಿ ಅದು 'ಚಿಚೆರೋ'. ಇಂಗ್ಲಿಷರ ಹಳೆಯ ರೂಢಿಯ ಉಚ್ಚಾರಣೆಯಲ್ಲಿ 'ಸಿಸೆರೋ'. ಕನ್ನಡಕ್ಕೆ ಬಂದಿರುವುದು ಈ ರೂಪವೇ. ಇಂದು ಬ್ರಿಟನ್ ಮತ್ತು ಅಮೆರಿಕದ ಶಾಲೆಗಳಲ್ಲಿ ಸಾಮಾನ್ಯವಾಗಿ ಮೊದಲನೆಯದನ್ನು ಕಲಿಸುತ್ತಾರೆ.

## ಪ್ರಯೋಜನದ ಬಗೆಗಿನ ಚರ್ಚೆ

ಲ್ಯಾಟಿನ್ ಮನಸ್ಸನ್ನು ಹದಗೊಳಿಸುತ್ತದೆ, ಅದರ ಫಲ ಇತರ ವಿಷಯಗಳಿಗೂ ದೊರೆಯುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದ ಪ್ರಬಲ ವಾದ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1924ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಪ್ರಶ್ನಿಸಿತು. ಶಾಲೆಯ ವಿವಿಧ ವಿಷಯಗಳು ಯೋಚನಾಶಕ್ತಿಯ ಮೇಲೆ ಬೀರುವ ಪರಿಣಾಮದಲ್ಲಿ ದೊಡ್ಡ ವ್ಯತ್ಯಾಸ ಅದರಲ್ಲಿ ಕಂಡುಬರಲಿಲ್ಲ. ಜಾಣ ವಿದ್ಯಾರ್ಥಿಗಳು ಲ್ಯಾಟಿನ್ ಆಯ್ದುಕೊಳ್ಳುವುದರಿಂದ ಲ್ಯಾಟಿನ್ ಅವರನ್ನು ಜಾಣರನ್ನಾಗಿಸಿದಂತೆ ತೋರುತ್ತದೆ ಎಂಬುದು ಅವನ ವಿವರಣೆ. ಜರ್ಮನಿಯಲ್ಲಿ ಲುಡ್ವಿಗ್ ಹಾಗ್ ಮತ್ತು ಎಲ್ಸ್‌ಬೆತ್ ಸ್ಟರ್ನ್ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಪ್ಯಾನಿಷ್ ಕಲಿಯಲು ಲ್ಯಾಟಿನ್ ಹಿನ್ನೆಲೆಗಿಂತ ಫ್ರೆಂಚ್ ಹಿನ್ನೆಲೆಯೇ ಹೆಚ್ಚು ನೆರವಾಯಿತು.

ಲ್ಯಾಟಿನ್ ಪರವಾಗಿರುವವರು ಇಂದು ಬೇರೆ ಕಾರಣಗಳನ್ನು ಮುಂದಿಡುತ್ತಾರೆ. ಇಂಗ್ಲಿಷ್ ಶಬ್ದಸಂಪತ್ತಿನ ಬಹುಭಾಗ ನೇರವಾಗಿ ಅಥವಾ ಫ್ರೆಂಚ್ ಮೂಲಕ ಲ್ಯಾಟಿನ್‌ನಿಂದ ಬಂದಿರುವುದು, ಭಾಷೆಯ ರಚನೆಯ ಬಗೆಗೆ ಅರಿವು ಮೂಡುವುದು ಮತ್ತು ಯುರೋಪಿನ ಕಾನೂನು, ಧರ್ಮ, ವಿಜ್ಞಾನಗಳ ಮೂಲಗ್ರಂಥಗಳನ್ನು ಅನುವಾದದ ನೆರವಿಲ್ಲದೆ ಓದಲು ಸಾಧ್ಯವಾಗುವುದು ಅವುಗಳಲ್ಲಿ ಮುಖ್ಯವಾದವು.

## ಸಾಮಾಜಿಕ ಆಯಾಮ

ಲ್ಯಾಟಿನ್ ಶಾಲೆಯು ಬಹುಕಾಲ ಗಂಡುಮಕ್ಕಳ ಶಾಲೆಯಾಗಿತ್ತು. ಮನೆಯ ಮಾತಿನಿಂದ ಬೇರ್ಪಡಿಸಿ, ಶಿಕ್ಷೆ ಮತ್ತು ಶಿಸ್ತಿನ ನಡುವೆ ಹುಡುಗರನ್ನು ಪುರುಷರ ವಿದ್ವತ್ ವಲಯಕ್ಕೆ ಸೇರಿಸುವ ಒಂದು ದೀಕ್ಷೆಯಂತೆ ನವೋದಯ ಕಾಲದ ಲ್ಯಾಟಿನ್ ಕಲಿಕೆ ಇತ್ತೆಂದು ವಿದ್ವಾಂಸ ವಾಲ್ಟರ್ ಆಂಗ್ 1959ರ ಪ್ರಬಂಧದಲ್ಲಿ ವಾದಿಸಿದ್ದಾನೆ. ಲ್ಯಾಟಿನ್ ಬಲ್ಲವರಿಗೆ ಮಾತ್ರ ವಿಶ್ವವಿದ್ಯಾಲಯದ ಬಾಗಿಲು ತೆರೆದಿದ್ದುದರಿಂದ ಅದು ವರ್ಗಭೇದದ ಗುರುತಾಗಿಯೂ ಕೆಲಸ ಮಾಡಿತು.

ಬ್ರಿಟನ್ನಿನಲ್ಲಿ ಇಂದಿಗೂ ಶುಲ್ಕ ಪಡೆಯುವ ಖಾಸಗಿ ಶಾಲೆಗಳಲ್ಲಿ ಲ್ಯಾಟಿನ್ ಹೆಚ್ಚು ಸಾಮಾನ್ಯ. ಈ ಅಂತರವನ್ನು ತಗ್ಗಿಸಲು ಇಂಗ್ಲೆಂಡಿನ ಸರ್ಕಾರವು ಸರ್ಕಾರಿ ಅನುದಾನದ 40 ಶಾಲೆಗಳಲ್ಲಿ ಲ್ಯಾಟಿನ್ ಕಲಿಸುವ 40 ಲಕ್ಷ ಪೌಂಡ್‌ಗಳ ಯೋಜನೆಯನ್ನು 2021ರಲ್ಲಿ ಘೋಷಿಸಿತು. ಅನುದಾನವನ್ನು ಶೈಕ್ಷಣಿಕ ವರ್ಷದ ಮಧ್ಯದಲ್ಲಿ, 2025ರ ಫೆಬ್ರವರಿಗೆ ನಿಲ್ಲಿಸಲಾಯಿತು. ಸಾರ್ವಜನಿಕ ಪರೀಕ್ಷೆಗೆ ಸಿದ್ಧರಾಗುತ್ತಿದ್ದ ವಿದ್ಯಾರ್ಥಿಗಳು ಅರ್ಧದಲ್ಲಿಯೇ ಶಿಕ್ಷಕರನ್ನು ಕಳೆದುಕೊಳ್ಳುವ ಆತಂಕವನ್ನು ಶಾಲೆಗಳೂ ವಿದ್ವಾಂಸರೂ ವ್ಯಕ್ತಪಡಿಸಿದರು.

## ಭಾರತ ಮತ್ತು ಕರ್ನಾಟಕದೊಡನೆ ಸಂಬಂಧ

ಥಾಮಸ್ ಮೆಕಾಲೆ 1835ರ ತನ್ನ ಟಿಪ್ಪಣಿಯಲ್ಲಿ, ಹದಿನಾರನೆಯ ಶತಮಾನದ ಇಂಗ್ಲಿಷರಿಗೆ ಗ್ರೀಕ್ ಮತ್ತು ಲ್ಯಾಟಿನ್ ಇದ್ದ ಸ್ಥಾನವೇ ಭಾರತೀಯರಿಗೆ ಇಂಗ್ಲಿಷಿನದು ಎಂದು ಹೋಲಿಸಿದನು. ಅವನ ಅಧ್ಯಕ್ಷತೆಯ ಸಮಿತಿಯು 1854ರಲ್ಲಿ ಭಾರತದ ಸಿವಿಲ್ ಸೇವೆಯ ಸ್ಪರ್ಧಾತ್ಮಕ ಪರೀಕ್ಷೆಗೆ ಸೂಚಿಸಿದ ಯೋಜನೆಯಲ್ಲಿ ಲ್ಯಾಟಿನ್ ಮತ್ತು ಗ್ರೀಕ್‌ಗಳಿಗೆ ತಲಾ 750 ಅಂಕಗಳಿದ್ದರೆ, ಸಂಸ್ಕೃತ ಮತ್ತು ಅರೇಬಿಕ್‌ಗಳಿಗೆ ತಲಾ 375 ಅಂಕಗಳಿದ್ದವು. ಇದರಿಂದ ಇಂಗ್ಲೆಂಡಿನ ಶಾಸ್ತ್ರೀಯ ಶಿಕ್ಷಣ ಪಡೆದವರಿಗೆ ಅನುಕೂಲವಾಯಿತು.

ಕರ್ನಾಟಕದಲ್ಲಿ ಲ್ಯಾಟಿನ್ ಬೋಧನೆ ಮುಖ್ಯವಾಗಿ ಕ್ಯಾಥೊಲಿಕ್ ಗುರುಮಠಗಳಲ್ಲಿ ನಡೆಯಿತು. ಧರ್ಮಪ್ರಚಾರಕರ ಬಳಕೆಗಾಗಿ ಕನ್ನಡ-ಲ್ಯಾಟಿನ್ ನಿಘಂಟು 1855ರಲ್ಲಿಯೂ ಲ್ಯಾಟಿನ್-ಕನ್ನಡ ನಿಘಂಟು 1861ರಲ್ಲಿಯೂ ಬೆಂಗಳೂರಿನಲ್ಲಿ ಮುದ್ರಣಗೊಂಡವು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜಾವಿಧಿಗಳಲ್ಲಿ ಸ್ಥಳೀಯ ಭಾಷೆಗಳ ಬಳಕೆ ಹೆಚ್ಚಿದಂತೆ ಲ್ಯಾಟಿನ್‌ನ ಅಗತ್ಯ ಕಡಿಮೆಯಾಯಿತು.

ಕನ್ನಡ ವಿದ್ಯಾರ್ಥಿಗಳಿಗೆ ಲ್ಯಾಟಿನ್ ಇಂದು ಎದುರಾಗುವುದು ಮುಖ್ಯವಾಗಿ ಜೀವಶಾಸ್ತ್ರದ ಪಾಠದಲ್ಲಿ. ಶ್ರೀಗಂಧದ ವೈಜ್ಞಾನಿಕ ನಾಮವಾದ ಸ್ಯಾಂಟಲಮ್ ಆಲ್ಬಮ್‌ನಲ್ಲಿ 'ಆಲ್ಬಮ್' ಎಂದರೆ ಬಿಳಿಯದು. ಮಾವಿನ ನಾಮವಾದ ಮ್ಯಾಂಜಿಫೆರಾ ಇಂಡಿಕಾದಲ್ಲಿ '-ಫೆರಾ' ಎಂದರೆ ಹೊರುವಂಥದು, 'ಇಂಡಿಕಾ' ಎಂದರೆ ಭಾರತದ್ದು. ನ್ಯಾಯಾಲಯಗಳಲ್ಲಿ ಬಳಕೆಯಲ್ಲಿರುವ ಹೇಬಿಯಸ್ ಕಾರ್ಪಸ್, ಸುವೊ ಮೋಟು ಮೊದಲಾದ ಪದಗುಚ್ಛಗಳೂ ಲ್ಯಾಟಿನ್‌ನವೇ.

## ಇಂದಿನ ಸ್ಥಿತಿ

ಇಟಲಿಯ 'ಲಿಚೆಯೊ ಕ್ಲಾಸಿಕೊ' ಪ್ರೌಢಶಾಲೆಗಳಲ್ಲಿ ಐದು ವರ್ಷಗಳ ಕಾಲ ಲ್ಯಾಟಿನ್ ಮತ್ತು ಗ್ರೀಕ್ ಎರಡನ್ನೂ ಕಲಿಸಲಾಗುತ್ತದೆ. ಜರ್ಮನಿಯಲ್ಲಿ ಅದು ಗಿಮ್ನಾಸಿಯಮ್ ಶಾಲೆಗಳ ಆಯ್ಕೆಯ ಭಾಷೆಗಳಲ್ಲೊಂದು. 'ಲಾಟಿನುಮ್' ಎಂಬ ಅರ್ಹತಾಪತ್ರವನ್ನು ಕೆಲವು ವಿಶ್ವವಿದ್ಯಾಲಯ ವ್ಯಾಸಂಗಗಳು ಅಪೇಕ್ಷಿಸುತ್ತವೆ. ಅಮೆರಿಕದಲ್ಲಿ 1635ರಲ್ಲಿ ಸ್ಥಾಪನೆಯಾದ ಬಾಸ್ಟನ್ ಲ್ಯಾಟಿನ್ ಶಾಲೆಯು ಆ ದೇಶದ ಅತ್ಯಂತ ಹಳೆಯ ಸಾರ್ವಜನಿಕ ಶಾಲೆಯಾಗಿದ್ದು, ಈಗಲೂ ಲ್ಯಾಟಿನ್ ಬೋಧಿಸುತ್ತಿದೆ. ಲೇಖಕಿ ಡೊರೊಥಿ ಸೇಯರ್ಸ್ 1947ರಲ್ಲಿ ನೀಡಿದ ಉಪನ್ಯಾಸವೊಂದರಿಂದ ಪ್ರೇರಣೆ ಪಡೆದ ಶಾಸ್ತ್ರೀಯ ಶಿಕ್ಷಣ ಚಳವಳಿಯ ಖಾಸಗಿ ಶಾಲೆಗಳೂ ಮನೆಪಾಠದ ಕುಟುಂಬಗಳೂ ಅಮೆರಿಕದಲ್ಲಿ ಚಿಕ್ಕ ಮಕ್ಕಳಿಗೆ ಲ್ಯಾಟಿನ್ ಕಲಿಸುತ್ತವೆ.

ಮಕ್ಕಳ ಸಾಹಿತ್ಯದ ಅನುವಾದಗಳೂ ಕಲಿಕೆಗೆ ನೆರವಾಗಿವೆ. ಅಲೆಕ್ಸಾಂಡರ್ ಲೆನಾರ್ಡ್ ಲ್ಯಾಟಿನ್‌ಗೆ ತಂದ 'ವಿನ್ನಿ ದ ಪೂ' 1960ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಹೆಚ್ಚು ಮಾರಾಟದ ಪುಸ್ತಕಗಳ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕದ ಲ್ಯಾಟಿನ್ ಅನುವಾದ 2003ರಲ್ಲಿ ಹೊರಬಂದಿತು. ಫಿನ್‌ಲೆಂಡಿನ ರೇಡಿಯೊ 1989ರಿಂದ 2019ರವರೆಗೆ ಲ್ಯಾಟಿನ್‌ನಲ್ಲಿ ವಾರದ ವಾರ್ತೆಗಳನ್ನು ಪ್ರಸಾರ ಮಾಡಿತು.